ವಯಸ್ಸಿನ ಪರೀಕ್ಷೆಯೋ, ಹೆಸರಿನ ದಫ್ತರವೋ?

ಬ್ರಿಟನ್ನಿನಲ್ಲಿ 2025ನೆಯ ಇಸವಿಯ ಜುಲೈ 25ನೆಯ ತಾರೀಖಿನಿಂದ ಒಂದು ಹೊಸ ಕಟ್ಟಳೆಯು ಜಾರಿಯಲ್ಲಿ ಬಂದಿದೆ. 2023ರ ಅಕ್ಟೋಬರದಲ್ಲಿ ಅಲ್ಲಿಯ ಅರಸರ ಸಮ್ಮತಿಯನ್ನು ಪಡೆದ ಆನ್‌ಲೈನ್ ಸುರಕ್ಷತಾ ಕಾಯದೆಯ ಮೇರೆಗೆ, ಅಶ್ಲೀಲ ಚಿತ್ರಗಳನ್ನು ತೋರಿಸುವ ಜಾಲತಾಣವು ಜಗತ್ತಿನ ಯಾವ ಮೂಲೆಯಲ್ಲಿಯೇ ಇರಲಿ, ಬ್ರಿಟನ್ನಿನಿಂದ ತನ್ನ ಬಾಗಿಲಿಗೆ ಬಂದವನು 18 ವರ್ಷ ತುಂಬಿದವನೆಂಬದನ್ನು ಖಾತ್ರಿ ಮಾಡಿಕೊಂಡ ಹೊರತು ಅವನನ್ನು ಒಳಗೆ ಬಿಡಕೂಡದು. ಅಲ್ಲಿಯವರೆಗೆ ಈ ಬಾಗಿಲುಗಳಲ್ಲಿ ನಡೆಯುತ್ತಿದ್ದುದನ್ನು ಪರೀಕ್ಷೆಯೆಂದು ಕರೆಯುವದೇ ವಿನೋದವಾಗಿತ್ತು. "ನನಗೆ 18 ವರ್ಷ ತುಂಬಿದೆ" ಎಂಬ ಬರಹದ ಮೇಲೆ ಬೆರಳೊತ್ತಿದರೆ ಕದ ತೆರೆಯುತ್ತಿತ್ತು. ಹತ್ತು ವರ್ಷದ ಪೋರನಿಗೂ ಬೆರಳುಗಳಿರುವವೆಂಬದನ್ನು ತಾಣದ ಒಡೆಯರು ಮರೆತಂತೆ ನಟಿಸುತ್ತಿದ್ದರು. ಈಗ ಆ ನಟನೆಗೆ ದಂಡವಿದೆ. ಆಫ್‌ಕಾಮ್ ಎಂಬ ಅಲ್ಲಿಯ ನಿಯಂತ್ರಣ ಸಂಸ್ಥೆಯು ತಪ್ಪಿತಸ್ಥ ಕಂಪನಿಗೆ 1 ಕೋಟಿ 80 ಲಕ್ಷ ಪೌಂಡುಗಳನ್ನಾಗಲಿ, ಜಗತ್ತಿನಾದ್ಯಂತ ಅದಕ್ಕೆ ಬರುವ ವರಮಾನದ ಹತ್ತನೆಯ ಒಂದು ಪಾಲನ್ನಾಗಲಿ, ಯಾವದು ಹೆಚ್ಚೋ ಅದರವರೆಗೆ ದಂಡ ವಿಧಿಸಬಹುದಾಗಿದೆ.

ಇಂಥ ವಿಷಯವನ್ನು ಈ ಪುಟದಲ್ಲಿ ಎತ್ತಿಕೊಂಡೆವೆಂದು ಕೆಲವು ವಾಚಕರು ಮೂಗು ಮುರಿಯಬಹುದು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಕೇಳಬಹುದು. ಮನೆಮಂದಿಯೆಲ್ಲರ ಕೈಯಲ್ಲಿಯೂ ಫೋನು ಬಂದಿರುವದೇ ನಮ್ಮ ಉತ್ತರವು. ಇಂಗ್ಲಂಡದ ಮಕ್ಕಳ ಹಿತರಕ್ಷಣೆಯ ಕಮಿಶನರರು 2023ರಲ್ಲಿ ಪ್ರಕಟಿಸಿದ ವರದಿಯನ್ನು ಓದಿದವರು ಈ ಸಂಕೋಚವನ್ನು ಬದಿಗಿಡಲೇ ಬೇಕಾಗುವದು. 16ರಿಂದ 21 ವರ್ಷದವರೆಗಿನ ತರುಣ ತರುಣಿಯರನ್ನು ವಿಚಾರಿಸಿ ಸಿದ್ಧಪಡಿಸಿದ ಆ ವರದಿಯಂತೆ, ಅವರು ಇಂಥ ಚಿತ್ರಗಳನ್ನು ಮೊದಲು ಕಂಡ ವಯಸ್ಸಿನ ಸರಾಸರಿಯು 13; ನೂರಕ್ಕೆ 10 ಮಂದಿಯಾದರೋ 9 ವರ್ಷ ವಯಸ್ಸಿಗಾಗಲೇ ಕಂಡಿದ್ದರು; ಹಿಂಸೆಯನ್ನು ಬೆರೆಸಿದ ಚಿತ್ರಗಳನ್ನು 18 ತುಂಬುವ ಮುನ್ನವೇ ಕಂಡವರು ನೂರಕ್ಕೆ 79 ಮಂದಿ. ಒಂಬತ್ತು ವರ್ಷದ ಕೂಸು ಗಂಡು ಹೆಣ್ಣಿನ ಸಂಬಂಧದ ಮೊದಲ ಪಾಠವನ್ನು ಹೊಡೆತ ಬಡಿತಗಳ ಚಿತ್ರದಿಂದ ಕಲಿಯುತ್ತಿರುವಾಗ, ಸರಕಾರವು ಕೈಕಟ್ಟಿ ಕೂಡ್ರಬೇಕೆಂದು ಹೇಳುವವರ ಪಂಕ್ತಿಯಲ್ಲಿ ನಾವಿಲ್ಲ. ಕಾಯದೆಯ ಉದ್ದೇಶವು ನ್ಯಾಯವಾದುದೆಂದು ಮೊದಲಿಗೇ ಒಪ್ಪಿಕೊಳ್ಳುತ್ತೇವೆ. ನಮ್ಮ ತಕರಾರು ಬಾಗಿಲಲ್ಲಿ ಕೇಳುವ ಪ್ರಶ್ನೆಯದು. ಅಲ್ಲಿ ವಯಸ್ಸನ್ನಷ್ಟೇ ಕೇಳುವರೋ, ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳುವರೋ?

ನಮ್ಮ ಊರುಗಳ ಟಾಕೀಜುಗಳಲ್ಲಿ 'ಎ' ಪ್ರಮಾಣಪತ್ರದ ಚಿತ್ರವು ಬಂದಾಗ ಬಾಗಿಲು ಕಾಯುವವನು ಬಂದವನ ಮೋರೆಯನ್ನೊಮ್ಮೆ ನೋಡುತ್ತಿದ್ದನು. ಮೀಸೆಯಿನ್ನೂ ಚಿಗುರದಿದ್ದರೆ "ನಡೀ ಮನೀಗೆ" ಎಂದು ಗದರಿಸುತ್ತಿದ್ದನು. ಚಿಗುರಿದ್ದರೆ ಚೀಟಿಯನ್ನು ಹರಿದು ಒಳಗೆ ಬಿಡುತ್ತಿದ್ದನು. ಅವನ ಕಣ್ಣು ಆಗಾಗ ಮೋಸ ಹೋಗುತ್ತಿದ್ದಿತೆಂಬದೂ ನಿಜವೇ, ನಾಲ್ಕಾಣೆಗೆ ಕಣ್ಣು ಮುಚ್ಚುವವರೂ ಇದ್ದರೆಂಬದೂ ನಿಜವೇ. ಆದರೆ ಚಿತ್ರ ನೋಡಿ ಹೊರಬಂದವನ ಹೆಸರು, ಕುಲ, ಊರು, ಮನೆ ಯಾವವೂ ಆ ಬಾಗಿಲಲ್ಲಿ ಉಳಿಯುತ್ತಿರಲಿಲ್ಲ. ಮಾರನೆಯ ದಿನ ಅದೇ ಕಾವಲುಗಾರನು ಸಂತೆಯಲ್ಲಿ ಎದುರಾದರೆ ಗುರುತು ಹಿಡಿಯುತ್ತಲೂ ಇರಲಿಲ್ಲ.

ಬ್ರಿಟನ್ನಿನ ಹೊಸ ಬಾಗಿಲುಗಳ ರೀತಿಯೇ ಬೇರೆ. ಆಫ್‌ಕಾಮ್ ಒಪ್ಪಿರುವ ವಿಧಾನಗಳು ಹಲವು. ಪಾಸ್‌ಪೋರ್ಟನ್ನಾಗಲಿ ಗಾಡಿ ನಡೆಸುವ ಲೈಸೆನ್ಸನ್ನಾಗಲಿ ತೋರಿಸಿ ಮುಖದೊಡನೆ ತಾಳೆ ನೋಡಿಸುವದು. ಕ್ಯಾಮರದ ಮುಂದೆ ಮುಖವೊಡ್ಡಿ ಯಂತ್ರದಿಂದ ವಯಸ್ಸಿನ ಅಂದಾಜು ಕಟ್ಟಿಸುವದು. ಬ್ಯಾಂಕಿನಿಂದ ಇಲ್ಲವೆ ಮೊಬೈಲು ಕಂಪನಿಯಿಂದ ಸಾಕ್ಷಿ ಕೊಡಿಸುವದು. 18 ತುಂಬದವರಿಗೆ ಸಿಗಲಾರದ ಕ್ರೆಡಿಟ್ ಕಾರ್ಡನ್ನು ತೋರಿಸುವದು. ಇವುಗಳಲ್ಲಿ ಮುಖದ ಅಂದಾಜೊಂದೇ ನಮ್ಮ ಟಾಕೀಜಿನ ಕಾವಲುಗಾರನನ್ನು ಹೋಲುವದು. ಅದೂ ಅವನಂತೆಯೇ ಮೋಸ ಹೋಗುವದು. ಕಾಯದೆ ಜಾರಿಯಾದ ದಿನಗಳಲ್ಲಿಯೇ ಅಲ್ಲಿಯ ಹುಡುಗರು ವಿಡಿಯೋ ಆಟವೊಂದರ ಗಡ್ಡದ ನಾಯಕನ ಮುಖವನ್ನು ಕ್ಯಾಮರದ ಮುಂದೆ ಹಿಡಿದು ಕೆಲವು ತಾಣಗಳ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಇದನ್ನು ಓದಿ ನಕ್ಕೆವು. ಆದರೆ ಯಂತ್ರದ ಸಂದೇಹಕ್ಕೆ ಗುರಿಯಾದ ಹತ್ತೊಂಬತ್ತರ ತರುಣನಿಗೆ ನಗುವ ಪ್ರಸಂಗವಿಲ್ಲ. ಕೊನೆಗೆ ಅವನು ಗುರುತಿನ ಚೀಟಿಯನ್ನೇ ತೆಗೆಯಬೇಕಾಗುವದು.

ಇದು ಆ ದೇಶದ ಮೊದಲ ಯತ್ನವಲ್ಲ. 2017ರ ಡಿಜಿಟಲ್ ಅರ್ಥವ್ಯವಸ್ಥೆಯ ಕಾಯದೆಯಲ್ಲಿಯೇ ಇಂಥ ಕಲಮುಗಳಿದ್ದವು. ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುವ ಮಂಡಳಿಗೆ ಮೇಲ್ವಿಚಾರಣೆಯನ್ನು ಒಪ್ಪಿಸಿದ್ದಾಯಿತು; ದಿನಾಂಕವನ್ನು ಮುಂದೂಡಿ ಮುಂದೂಡಿ 2019ರ ಜುಲೈ 15 ಎಂದು ಗೊತ್ತುಮಾಡಿದ್ದಾಯಿತು; ಯುರೋಪಿಯನ್ ಕಮಿಶನ್ನಿಗೆ ಮೊದಲು ತಿಳಿಸಬೇಕಾಗಿದ್ದ ಕಾಗದವನ್ನು ಕಳಿಸುವದೇ ಮರೆತುಹೋದ ಕಾರಣದಿಂದ ಅದೂ ತಪ್ಪಿತು. ಅದೇ ವರ್ಷದ ಅಕ್ಟೋಬರದಲ್ಲಿ ಸರಕಾರವು ಆ ಯೋಜನೆಯನ್ನೇ ಕೈಬಿಟ್ಟಿತು. ಒಂದು ಕಾಗದದಿಂದ ಕಾಯದೆಯೊಂದು ಮುಗ್ಗರಿಸಿದ ಈ ಕಥೆಯನ್ನು ನಮ್ಮ ಕಚೇರಿಗಳ ಕಾರಕೂನರು ಓದಿದರೆ ಅವರಿಗೆ ತುಸು ಸಮಾಧಾನವಾದೀತು.

ಎರಡನೆಯ ಯತ್ನವು ಜಾರಿಯಲ್ಲಿ ಬಂದ ಮೇಲೆ ಆದುದೇನು? ಮೊದಲ ವಾರದಲ್ಲಿಯೇ ವಿ.ಪಿ.ಎನ್. ಎಂಬ ಸಾಧನಗಳಿಗೆ ಜನರು ಮುಗಿಬಿದ್ದರು. ಇದು ಒಂದು ಬಗೆಯ ಸುರಂಗವು. ಲಂಡನ್ನಿನ ಕೋಣೆಯಲ್ಲಿ ಕುಳಿತವನು ಈ ಸುರಂಗವನ್ನು ಹೊಕ್ಕು ಬೇರೆ ದೇಶದಲ್ಲಿ ತಲೆಯೆತ್ತುವನು. ತಾಣವು ಅವನನ್ನು ಆ ದೇಶದವನೆಂದೇ ತಿಳಿಯುವದು. ಬ್ರಿಟನ್ನಿನ ಕಾಯದೆಯು ಅವನಿಗೆ ತಗಲದು. ಆ ವಾರ ಬ್ರಿಟನ್ನಿನ ಫೋನುಗಳಲ್ಲಿ ಅತಿ ಹೆಚ್ಚಾಗಿ ಇಳಿಸಿಕೊಂಡ ಸಾಧನಗಳ ಪಟ್ಟಿಯ ಮೇಲ್ತುದಿಯಲ್ಲಿ ಇಂಥ ಸುರಂಗಗಳೇ ಇದ್ದವು. ಕಾಯದೆಯನ್ನು ರದ್ದುಪಡಿಸಬೇಕೆಂಬ ಬಿನ್ನವತ್ತಳೆಗೆ 5 ಲಕ್ಷಕ್ಕೂ ಮೇಲ್ಪಟ್ಟು ಸಹಿಗಳು ಬಿದ್ದವು. ರದ್ದುಪಡಿಸುವ ಆಲೋಚನೆಯಿಲ್ಲವೆಂದು ಸರಕಾರವು ಉತ್ತರ ಕೊಟ್ಟಿತು. ಅತ್ತ ಆಫ್‌ಕಾಮ್ ದಂಡದ ಲೇಖಣಿಯನ್ನು ಕೈಗೆತ್ತಿಕೊಂಡಿತು. 2025ರ ಡಿಸೆಂಬರದಲ್ಲಿ, 18 ವಯಸ್ಕರ ತಾಣಗಳನ್ನು ನಡೆಸುವ ಒಂದು ಕಂಪನಿಗೆ, ಸರಿಯಾದ ಪರೀಕ್ಷೆಯನ್ನು ಇಡದ ತಪ್ಪಿಗಾಗಿ 10 ಲಕ್ಷ ಪೌಂಡುಗಳ ದಂಡವನ್ನು ಹಾಕಿತು. ಆ ಕಂಪನಿಯ ನೆಲೆ ಎಲ್ಲಿ? ಮಧ್ಯ ಅಮೇರಿಕದ ಬೆಲೀಜ್ ಎಂಬ ಪುಟ್ಟ ದೇಶದಲ್ಲಿ! ದಂಡವನ್ನು ವಿಧಿಸುವದು ಒಂದು, ವಸೂಲು ಮಾಡುವದು ಇನ್ನೊಂದು.

ವಯಸ್ಕರ ತಾಣಗಳ ವ್ಯಾಪಾರದ ಮೇಲೆ ಈ ಕಟ್ಟಳೆಗಳ ಪರಿಣಾಮವೇನೆಂಬದನ್ನು ತಿಳಿಯಬೇಕಾದರೆ ಅಮೇರಿಕದ ಸಂಯುಕ್ತ ಸಂಸ್ಥಾನಗಳ ಕಡೆಗೆ ನೋಡಬೇಕು; ಅಲ್ಲಿ ಪ್ರಯೋಗವು ಮೊದಲು ನಡೆದಿದೆ. 2023ರ ಜನೇವರಿ 1ರಿಂದ ಲೂಯಿಸಿಯಾನಾ ಸಂಸ್ಥಾನದ ಕಾಯದೆಯು ಜಾರಿಯಾಯಿತು. ಆ ಸಂಸ್ಥಾನದಲ್ಲಿ ಸರಕಾರದ ಡಿಜಿಟಲ್ ಲೈಸೆನ್ಸು ಆಗಲೇ ಬಳಕೆಯಲ್ಲಿದ್ದುದರಿಂದ, ಪೋರ್ನ್‌ಹಬ್ ಎಂಬ ಅತಿ ದೊಡ್ಡ ತಾಣದ ಒಡೆಯರು ಅದನ್ನು ಬಳಸಿ ಕಾಯದೆಗೆ ತಲೆಬಾಗಿದರು. ಅವರೇ ಹೇಳಿದಂತೆ, ಅಲ್ಲಿ ಅವರ ತಾಣಕ್ಕೆ ಬರುವವರ ಸಂಖ್ಯೆಯು ನೂರಕ್ಕೆ 80ರಷ್ಟು ಇಳಿದುಹೋಯಿತು. ಈ ಅಂಕಿಯನ್ನು ಹೇಳುವವರು ಸ್ವಾರ್ಥಿಗಳೆಂಬದನ್ನು ನಾವು ಮರೆತಿಲ್ಲ. ಆದರೆ ಮುಂದೆ ಅವರು ನಡೆದುಕೊಂಡ ರೀತಿಯು ಆ ಅಂಕಿಯಲ್ಲಿ ಅವರಿಗಾದರೂ ನಂಬಿಕೆಯಿತ್ತೆಂಬದನ್ನು ತೋರಿಸುವದು. ಅದೇ ವರ್ಷದ ಮೇ ತಿಂಗಳಲ್ಲಿ ಯೂಟಾ ಸಂಸ್ಥಾನವು ಇಂಥದೇ ಕಾಯದೆ ಮಾಡಿದಾಗ, ಪರೀಕ್ಷೆಯ ಗೊಡವೆಯೇ ಬೇಡವೆಂದು ಅವರು ಆ ಸಂಸ್ಥಾನಕ್ಕೇ ಕದವಿಕ್ಕಿದರು. 2024ರ ಮಾರ್ಚದಲ್ಲಿ ಟೆಕ್ಸಾಸಕ್ಕೂ ಇಕ್ಕಿದರು. ಈಗ ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಇಂಥ ಕಾಯದೆಗಳಾಗಿವೆ.

ಕದವಿಕ್ಕುವದರ ಹಿಂದಿನ ಲೆಕ್ಕವೂ ತಿಳಿದಿರಲಿ. ಟೆಕ್ಸಾಸದ ಮೊಕದ್ದಮೆಯಲ್ಲಿ ವಾದಿಗಳು ನ್ಯಾಯಾಲಯದ ಮುಂದಿಟ್ಟ ಅಂದಾಜಿನಂತೆ, ಒಂದು ಲಕ್ಷ ಜನರ ವಯಸ್ಸನ್ನು ಪರೀಕ್ಷಿಸುವದಕ್ಕೆ ಕಡಿಮೆಯೆಂದರೆ 40,000 ಡಾಲರು ಬೀಳುವದು. ಪುಕ್ಕಟೆಯಾಗಿ ಚಿತ್ರ ತೋರಿಸಿ ಜಾಹೀರಾತಿನಿಂದ ಪುಡಿಗಾಸು ಕೂಡಿಸುವ ತಾಣಕ್ಕೆ ಬಂದವನೊಬ್ಬನ ಮೇಲೆ 40 ಸೆಂಟು ವೆಚ್ಚವೆಂದರೆ ಸಣ್ಣ ಮಾತಲ್ಲ. ಬಂದವರಲ್ಲಿ ಬಹುಮಂದಿ ಚೀಟಿ ಕೇಳಿದ ಕೂಡಲೆ ಹಿಂದಿರುಗಿಯೂ ಹೋಗುವರು. ಹಿಂದಿರುಗಿದವರು ಭಜನೆಗೆ ಹೋಗುವರೆಂದು ಶಾಸನಕಾರರು ಎಣಿಸಿದ್ದರೆ ಅದು ಅವರ ಮುಗ್ಧತೆ. ಕಾಯದೆಗೆ ಹೆದರದ, ಹೆಸರಿಲ್ಲದ, ವಿಳಾಸವಿಲ್ಲದ ತಾಣಗಳು ಪಕ್ಕದಲ್ಲಿಯೇ ಅಂಗಡಿ ತೆರೆದು ಕೂತಿವೆ. ದೊಡ್ಡ ತಾಣಗಳಲ್ಲಿ ಲೋಕದ ಟೀಕೆಗೆ ಅಂಜಿಯಾದರೂ ಬಲಾತ್ಕಾರದ ಚಿತ್ರಗಳನ್ನೂ ಮಕ್ಕಳ ಚಿತ್ರಗಳನ್ನೂ ತೆಗೆದುಹಾಕುವ ಒಂದಿಷ್ಟು ವ್ಯವಸ್ಥೆಯುಂಟು. ಈ ಸಂದುಗೊಂದಿಯ ತಾಣಗಳಲ್ಲಿ ಅದೂ ಇಲ್ಲ. ಮಗುವನ್ನು ಬೀದಿಯಿಂದ ಓಡಿಸಿ ಕತ್ತಲ ಸಂದಿಗೆ ತಳ್ಳಿದರೆ ಕಾಯದೆಯ ಉದ್ದೇಶವು ಸಾಧಿಸಿತೇ?

ಇನ್ನೊಂದು ಸಂಗತಿ. ಮೇಲೆ ಹೇಳಿದ ಮಕ್ಕಳ ಕಮಿಶನರರ ವರದಿಯಲ್ಲಿ, ಇಂಥ ಚಿತ್ರಗಳನ್ನು ಎಲ್ಲಿ ಕಂಡಿರಿ ಎಂದು ಕೇಳಿದಾಗ ಟ್ವಿಟರ್ ತಾಣವನ್ನು ಹೆಸರಿಸಿದವರು ನೂರಕ್ಕೆ 41 ಮಂದಿ. ಅಶ್ಲೀಲತೆಗೇ ಮೀಸಲಾದ ತಾಣಗಳನ್ನು ಹೆಸರಿಸಿದವರು 37 ಮಂದಿ. ಬ್ರಿಟನ್ನಿನವರು ಇದನ್ನು ಲಕ್ಷ್ಯದಲ್ಲಿಟ್ಟು ಸಾಮಾಜಿಕ ತಾಣಗಳಿಗೂ ತಮ್ಮ ಕಟ್ಟಳೆಯನ್ನು ಅನ್ವಯಿಸಿದ್ದಾರೆ. ಇದಕ್ಕಾಗಿ ಅವರನ್ನು ಹೊಗಳಬೇಕು. ಟೆಕ್ಸಾಸದವರಾದರೋ, ತಾಣದಲ್ಲಿಯ ಸರಕಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾಗವು ಇಂಥದಾಗಿದ್ದರೆ ಮಾತ್ರ ಪರೀಕ್ಷೆಯೆಂದು ಗೆರೆ ಎಳೆದರು. ಮೂರು ಮಜಲಿನ ಅಂಗಡಿಯಲ್ಲಿ ಒಂದು ಮಜಲು ಪೂರ್ತಿ ಸೆರೆ ಮಾರಿದರೂ ಅದು ಸೆರೆಯ ಅಂಗಡಿಯಲ್ಲವೆಂಬ ನ್ಯಾಯವಿದು.

ಆ ಟೆಕ್ಸಾಸದ ಕಾಯದೆಯೇ ಅಮೇರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2025ರ ಜೂನ್ 27ರಂದು ಆರು ಮಂದಿ ನ್ಯಾಯಾಧೀಶರು ಕಾಯದೆಯ ಪರವಾಗಿಯೂ ಮೂವರು ವಿರೋಧವಾಗಿಯೂ ತೀರ್ಪಿತ್ತರು. ಬಹುಮತದ ತೀರ್ಪನ್ನು ಬರೆದ ಥಾಮಸ್ ಅವರ ಮತದಲ್ಲಿ, ಮಕ್ಕಳನ್ನು ದೂರವಿಡುವ ಅಧಿಕಾರವು ಸಂಸ್ಥಾನಕ್ಕಿರುವಾಗ ವಯಸ್ಸಿನ ಸಾಕ್ಷಿಯನ್ನು ಕೇಳುವ ಅಧಿಕಾರವೂ ಅದರೊಳಗೇ ಅಡಕವಾಗಿದೆ; ಪ್ರಾಪ್ತವಯಸ್ಕರಿಗಾಗುವ ತೊಂದರೆಯು ಪ್ರಾಸಂಗಿಕವಾದುದು. ಭಿನ್ನಮತವನ್ನು ಬರೆದ ಶ್ರೀಮತಿ ಕೇಗನ್ ಅವರು, ಪ್ರಾಪ್ತವಯಸ್ಕರು ನೋಡುವದಕ್ಕೆ ಹಕ್ಕುಳ್ಳವರಾಗಿರುವದರಿಂದ ಆ ಹಕ್ಕಿಗೆ ಅಡ್ಡ ಬರುವ ಕಾಯದೆಯನ್ನು ಇನ್ನೂ ಕಟ್ಟುನಿಟ್ಟಾದ ಒರೆಗಲ್ಲಿಗೆ ಹಚ್ಚಬೇಕಾಗಿತ್ತೆಂದು ವಾದಿಸಿದರು. 1968ರಲ್ಲಿ ಅದೇ ನ್ಯಾಯಾಲಯವು 16 ವರ್ಷದ ಹುಡುಗನಿಗೆ ಬೆತ್ತಲೆ ಚಿತ್ರಗಳ ಮಾಸಿಕವನ್ನು ಮಾರಿದ ಅಂಗಡಿಕಾರನ ಶಿಕ್ಷೆಯನ್ನು ಎತ್ತಿಹಿಡಿದಿತ್ತು. ಆ ತೀರ್ಪೇ ಈಗಿನ ತೀರ್ಪಿಗೆ ಆಧಾರವಾಯಿತು. ನಮಗೆ ತೋರುವ ಮಟ್ಟಿಗೆ ಈ ಹೋಲಿಕೆಯು ಕುಂಟುವದು. ಅಂಗಡಿಕಾರನು ಗಿರಾಕಿಯ ಮೋರೆ ನೋಡಿ ಮಾಸಿಕ ಕೊಡುತ್ತಿದ್ದನು, ಇಲ್ಲವೆ ಹಿಂದಕ್ಕೆ ಕಳಿಸುತ್ತಿದ್ದನು. ಲೈಸೆನ್ಸಿನ ಚಿತ್ರವೊಂದನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಜೊತೆಗೆ ಗಿರಾಕಿಯು ಯಾವ ಯಾವ ಪುಟಗಳನ್ನು ತಿರುವಿ ಹಾಕಿದನೆಂಬದನ್ನೂ ಬರೆದಿಡುವ ಅಂಗಡಿಕಾರನು 1968ರಲ್ಲಿ ಹುಟ್ಟಿರಲಿಲ್ಲ. ಟೆಕ್ಸಾಸದ ಕಾಯದೆಯು ಗುರುತನ್ನು ಉಳಿಸಿಕೊಳ್ಳಕೂಡದೆಂದು ಹೇಳುವದೇನೋ ನಿಜ. ಉಳಿಸಿಕೊಂಡಿಲ್ಲವೆಂಬದನ್ನು ಕಂಪನಿಯ ಯಂತ್ರಗಳೊಳಗೆ ಇಣಿಕಿ ನೋಡುವವರಾರು?

ಇದು ಬರಿಯ ಅಂಜಿಕೆಯಲ್ಲ. 2025ರ ಅಕ್ಟೋಬರದಲ್ಲಿ ಡಿಸ್ಕಾರ್ಡ್ ಎಂಬ ಹರಟೆಯ ತಾಣವು ಒಂದು ಪ್ರಕಟಣೆ ಕೊಟ್ಟಿತು. ವಯಸ್ಸಿನ ತಕರಾರುಗಳನ್ನು ಇತ್ಯರ್ಥ ಮಾಡುವದಕ್ಕೆಂದು ಜನರು ಕಳಿಸಿದ್ದ ಸರಕಾರೀ ಗುರುತಿನ ಚೀಟಿಗಳ ಚಿತ್ರಗಳು, ಅದರ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಬೇರೊಂದು ಕಂಪನಿಯ ಕಡೆಯಿಂದ ಕಳ್ಳರ ಕೈಸೇರಿರಬಹುದು; ಅಂಥವರ ಸಂಖ್ಯೆ ಸುಮಾರು 70,000. ಇದು ವಯಸ್ಕರ ತಾಣವೂ ಅಲ್ಲ. ಹತ್ತು ವರ್ಷಗಳ ಹಿಂದೆ, 2015ರಲ್ಲಿ, ವಿವಾಹಿತರಿಗೆ ಪರಸಂಬಂಧವನ್ನು ಕೂಡಿಸಿಕೊಡುತ್ತೇವೆಂದು ಸಾರುತ್ತಿದ್ದ ಆಶ್ಲೀ ಮ್ಯಾಡಿಸನ್ ಎಂಬ ತಾಣದ ದಫ್ತರವು ಹೊರಬಿದ್ದಾಗ ಮೂರು ಕೋಟಿಗೂ ಮಿಕ್ಕಿದ ಖಾತೆಗಳು ಬಯಲಾದವು. ಸಂಸಾರಗಳು ಮುರಿದವು, ಬೆದರಿಕೆಯ ಪತ್ರಗಳು ಹೊರಟವು. ಅವರು ಮಾಡಿದ್ದು ಧರ್ಮವೆಂದು ನಾವು ಹೇಳುವದಿಲ್ಲ. ಆದರೆ ಪಾಪದ ಪಟ್ಟಿಯು ಚಿತ್ರಗುಪ್ತನ ಹತ್ತಿರ ಇರುವದಕ್ಕೂ ಪುಂಡರ ಹತ್ತಿರ ಇರುವದಕ್ಕೂ ವ್ಯತ್ಯಾಸವುಂಟು. ನಮ್ಮ ನಾಡಿನಲ್ಲಿಯೇ, ವಿಡಿಯೋ ಕರೆಯಲ್ಲಿ ಬೆತ್ತಲೆ ಮೂರ್ತಿಯೊಂದನ್ನು ತೋರಿಸಿ, ಅದರ ಚಿತ್ರ ತೆಗೆದು, ನೆಂಟರಿಷ್ಟರಿಗೆ ಕಳಿಸುವೆವೆಂದು ಹೆದರಿಸಿ ಹಣ ಸುಲಿಯುವ ಠಕ್ಕರ ಹಾವಳಿಯು ಎಷ್ಟೆಂಬದನ್ನು ಪೋಲೀಸು ಠಾಣೆಗಳಲ್ಲಿ ಕೇಳಿ ತಿಳಿಯಬಹುದು. ಮರ್ಯಾದೆಗೆ ಅಂಜಿ ಜೀವ ಕಳಕೊಂಡವರೂ ಇದ್ದಾರೆ. ಅಂಥ ಠಕ್ಕರಿಗೆ, ಯಾರು ಯಾವ ರಾತ್ರಿ ಯಾವ ಚಿತ್ರ ನೋಡಿದರೆಂಬ ದಫ್ತರವು ದೊರೆತರೆ, ಊರಿಗೆ ಊರೇ ಅವರ ಸಾಲಗಾರನಾದೀತು.

ಹಾಗಾದರೆ ವಯಸ್ಸು ಕೇಳುವದೇ ಬೇಡವೇ? ಬೇಕು, ಹೆಸರು ತಿಳಿಯದೆ ವಯಸ್ಸು ತಿಳಿಯುವ ದಾರಿಯೂ ಇದೆ. ಫ್ರಾನ್ಸದವರು ಇದಕ್ಕೆ 'ಎರಡು ಪಟ್ಟಿನ ಅನಾಮಧೇಯತೆ' ಎಂಬ ತತ್ವವನ್ನು ನಿರ್ಮಿಸಿದ್ದಾರೆ. ಅಲ್ಲಿಯ 2024ರ ಮೇ ತಿಂಗಳ ಕಾಯದೆಯನ್ನನುಸರಿಸಿ ಆರ್ಕೋಮ್ ಎಂಬ ಮಂಡಳಿಯು ಗೊತ್ತುಪಡಿಸಿದ ರೀತಿ ಹೀಗಿದೆ: ವಯಸ್ಸಿನ ಪ್ರಮಾಣವನ್ನು ಕೊಡುವವನು ಒಬ್ಬನು, ತಾಣದವನು ಇನ್ನೊಬ್ಬನು. ಪ್ರಮಾಣ ಕೊಡುವವನಿಗೆ ಮನುಷ್ಯನು ಗೊತ್ತು, ಅವನು ಹೋಗುವ ತಾಣವು ಗೊತ್ತಿಲ್ಲ. ತಾಣಕ್ಕೆ 'ಇವನು 18 ತುಂಬಿದವನು' ಎಂಬದಷ್ಟೇ ಗೊತ್ತು, ಇವನಾರೆಂಬದು ಗೊತ್ತಿಲ್ಲ. ಹೆಸರಿಲ್ಲದ ಮುದ್ರೆಯ ಬಿಲ್ಲೆಯೊಂದನ್ನು ಕಟ್ಟೆಯಲ್ಲಿ ಪಡೆದು ಬಾಗಿಲಲ್ಲಿ ಕೊಟ್ಟಂತೆ ಇದು. ಯುರೋಪಿಯನ್ ಕಮಿಶನ್ನು ಇಂಥದೇ ಬಿಲ್ಲೆಯ ಮಾದರಿಯ ಸಾಧನವನ್ನು 2025ರ ಜುಲೈ ತಿಂಗಳಲ್ಲಿ ಹೊರಡಿಸಿ, ಡೆನ್ಮಾರ್ಕ, ಫ್ರಾನ್ಸ, ಗ್ರೀಸ, ಇಟಲಿ, ಸ್ಪೇನ ಈ ಐದು ದೇಶಗಳಲ್ಲಿ ಪ್ರಯೋಗಕ್ಕೆ ಒಡ್ಡಿತು. ಪೋರ್ನ್‌ಹಬ್ಬಿನ ಒಡೆಯರಿಗೆ ಫ್ರಾನ್ಸದ ಕಟ್ಟಳೆಯೂ ರುಚಿಸಲಿಲ್ಲ. 2025ರ ಜೂನ್‌ನಲ್ಲಿ ಆ ದೇಶದಿಂದಲೂ ಕಾಲ್ತೆಗೆದರು. ವಯಸ್ಸನ್ನು ಪ್ರತಿಯೊಂದು ತಾಣದಲ್ಲಿ ಕೇಳುವ ಬದಲು ಫೋನಿನಲ್ಲಿಯೇ ಒಮ್ಮೆ ಗೊತ್ತುಪಡಿಸಿರಿ ಎಂಬದು ಅವರ ವಾದವು. ತಮ್ಮ ಹೊಣೆಯನ್ನು ಫೋನು ಮಾಡುವವರ ತಲೆಗೆ ಕಟ್ಟುವ ಜಾಣತನವು ಇದರಲ್ಲಿದೆ. ಆದರೂ ಜಾಣರ ಮಾತಿನಲ್ಲಿ ಹುರುಳಿರಬಾರದೆಂದೇನೂ ಇಲ್ಲ. ನೂರು ಬಾಗಿಲುಗಳಲ್ಲಿ ಚೀಟಿ ತೋರಿಸುವದಕ್ಕಿಂತ ಒಂದು ಕಡೆ ತೋರಿಸುವದು ಕಡಿಮೆ ಅಪಾಯದ್ದು.

ಇನ್ನು ನಮ್ಮ ದೇಶದ ಮಾತು. ಪರದೇಶದ ಗೊಡವೆ ನಮಗೇಕೆಂದು ಹೇಳುವವರಿಗೆ ನೆನಪು ಮಾಡಿಕೊಡಬೇಕಾದ ಸಂಗತಿಗಳು ಕೆಲವಿವೆ. 'ಯಾರ ಕೈಗೆ ಈ ಪುಸ್ತಕವು ಬೀಳಬಹುದೋ ಅವರಲ್ಲಿ ಅತಿ ದುರ್ಬಲನ ಮನಸ್ಸು ಕೆಡುವದೇ' ಎಂದು ನೋಡುವ 1868ರ ಇಂಗ್ಲಂಡದ ಅಳತೆಗೋಲನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿಯೂ ಕೈಯಲ್ಲಿ ಹಿಡಿದಿತ್ತು. 2014ರಲ್ಲಿ ಅದನ್ನು ಕೆಳಗಿಟ್ಟಿತು. ಆ ಅಳತೆಯಿಂದ ಇಡಿಯ ರಾಷ್ಟ್ರವೇ ಬಾಲವಾಡಿಯಾಗುತ್ತಿತ್ತು. ಚಿಕ್ಕಮಗಳೂರು ಜಿಲ್ಲೆಯವರಾದ ಎಚ್. ಎಲ್. ದತ್ತು ಅವರು ಮುಖ್ಯ ನ್ಯಾಯಾಧೀಶರಾಗಿದ್ದಾಗ, 2015ರ ಜುಲೈ ತಿಂಗಳಲ್ಲಿ, ಇಂಥ ತಾಣಗಳನ್ನೆಲ್ಲ ಕೂಡಲೆ ನಿಲ್ಲಿಸಬೇಕೆಂದು ಕೇಳಿದವರಿಗೆ ಅವರು ಎತ್ತಿದ ಪ್ರಶ್ನೆಯು ಪ್ರಸಿದ್ಧವಾಗಿದೆ: ನಾನು ಪ್ರಾಪ್ತವಯಸ್ಕನು, ನನ್ನ ಕೋಣೆಯ ನಾಲ್ಕು ಗೋಡೆಗಳೊಳಗೆ ನೋಡುವದನ್ನು ನೀವು ಹೇಗೆ ತಡೆಯುವಿರಿ ಎಂದು ಒಬ್ಬನು ನಾಳೆ ಬಂದು ಕೇಳಿದರೆ ಏನು ಹೇಳಬೇಕು? ಅದೇ ತಿಂಗಳ ಕೊನೆಯ ದಿನ ಸರಕಾರವು 857 ತಾಣಗಳನ್ನು ಮುಚ್ಚಿಸಿತು. ಪಟ್ಟಿಯಲ್ಲಿ ಬರಿಯ ವಿನೋದದ ತಾಣಗಳೂ ಸಿಕ್ಕಿಬಿದ್ದಿದ್ದವು. ಗದ್ದಲವೆದ್ದುದರಿಂದ ನಾಲ್ಕೇ ದಿನಗಳಲ್ಲಿ ಸರಕಾರವು ಹಿಂದೆ ಸರಿಯಿತು; ಉತ್ತರಾಖಂಡದ ಉಚ್ಚ ನ್ಯಾಯಾಲಯದ ಆಜ್ಞೆಯ ಮೇಲೆ 2018ರಲ್ಲಿ 827 ತಾಣಗಳನ್ನು ಮತ್ತೆ ಮುಚ್ಚಿಸಿತು. ಮುಚ್ಚಿದ ತಾಣಗಳು ಹೆಸರಿನ ಒಂದಕ್ಷರವನ್ನು ಬದಲಿಸಿಕೊಂಡು ಮರಳಿ ಬಂದವು.

ಹೆಸರು ಬರೆದಿಡುವ ಪದ್ಧತಿಯ ಅನುಭವವೂ ನಮಗಿದೆ. ಸೈಬರ್ ಕೆಫೆಗಳಿಗೆಂದು 2011ರಲ್ಲಿ ಮಾಡಿದ ನಿಯಮಗಳನ್ನು ವಾಚಕರು ಮರೆತಿರಬಹುದು. ಬಂದವನ ಗುರುತಿನ ಚೀಟಿಯನ್ನು ನೋಡಬೇಕು, ದಫ್ತರದಲ್ಲಿ ಬರೆಯಬೇಕು, ಒಂದು ವರ್ಷವಾದರೂ ಕಾದಿಡಬೇಕು, ಕೋಣೆಗಳ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದು ಎಂದು ಅದರಲ್ಲಿ ಕಟ್ಟಳೆಗಳಿದ್ದವು. ನಾವು ಕಂಡ ಒಂದು ಅಂಗಡಿಯಲ್ಲಿ ಆ ದಫ್ತರವು ಬಾಗಿಲ ಬಳಿಯ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿತ್ತು. ಸರದಿ ಕಾಯುವ ತರುಣರು ಹೊತ್ತು ಹೋಗದೆ ಅದನ್ನು ತಿರುವಿ, ಕಾಲೇಜಿನ ಹುಡುಗಿಯರ ಹೆಸರು, ಫೋನಿನ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಮೊಬೈಲು ಬಂದು ಆ ಅಂಗಡಿಯು ಮುಚ್ಚಿತು. ಚೀಟಿಗಳ ಝೆರಾಕ್ಸ್ ಪ್ರತಿಗಳ ಗಂಟು ರದ್ದಿಯವನಿಗೆ ಹೋಯಿತೋ, ಚುರುಮುರಿಯ ಪೊಟ್ಟಣವಾಯಿತೋ, ಕೇಳಿದವರಿಲ್ಲ.

ಸುರಂಗಗಳ ವಿಷಯದಲ್ಲಿಯೂ ನಮ್ಮ ಸರಕಾರವು ಹಿಂದೆ ಬಿದ್ದಿಲ್ಲ. ವಿ.ಪಿ.ಎನ್. ನಡೆಸುವವರು ಗಿರಾಕಿಗಳ ಹೆಸರು ವಿಳಾಸಗಳನ್ನು ಐದು ವರ್ಷ ಕಾದಿಡಬೇಕೆಂದು 2022ರ ಏಪ್ರಿಲದಲ್ಲಿ ಆಜ್ಞೆ ಹೊರಡಿಸಿತು. ಕೆಲವು ಕಂಪನಿಗಳು ಒಪ್ಪದೆ ತಮ್ಮ ಯಂತ್ರಗಳನ್ನೇ ಈ ದೇಶದಿಂದ ಕಿತ್ತುಕೊಂಡು ಹೋದವು.

ವಯಸ್ಸಿನ ಪ್ರಶ್ನೆಯಂತೂ ನಮ್ಮ ಕಾಯದೆಗಳಲ್ಲಿ ಆಗಲೇ ಒಳನುಗ್ಗಿದೆ. ಚಲನಚಿತ್ರಗಳನ್ನು ಮನೆಗೆ ಕಳಿಸುವ ಒ.ಟಿ.ಟಿ. ಕಂಪನಿಗಳು 'ಎ' ದರ್ಜೆಯ ಚಿತ್ರಗಳಿಗೆ ವಿಶ್ವಸನೀಯವಾದ ವಯಃಪರೀಕ್ಷೆಯನ್ನು ಇಡಬೇಕೆಂದು 2021ರ ನಿಯಮಗಳು ಹೇಳುವವು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದು ಕರೆದು, ಅವರ ವಿವರಗಳನ್ನು ಬಳಸುವ ಮುನ್ನ ತಂದೆತಾಯಿಗಳ ಪರಿಶೀಲಿತ ಒಪ್ಪಿಗೆ ಬೇಕೆಂದಿದೆ. ಮಗುವನ್ನು ಮಗುವೆಂದು ತಿಳಿಯಬೇಕಾದರೆ ಬಾಗಿಲಿಗೆ ಬಂದ ಅಜ್ಜನನ್ನೂ ವಯಸ್ಸು ಕೇಳಲೇಬೇಕು. ಹಾಗೆ ಕೇಳುವಾಗ ನಮ್ಮ ಜನರು ಜೇಬಿನಿಂದ ತೆಗೆಯುವ ಚೀಟಿ ಯಾವದು? ಕ್ರೆಡಿಟ್ ಕಾರ್ಡು ಬಹುಜನರಲ್ಲಿಲ್ಲ. ಪಾಸ್‌ಪೋರ್ಟು ಇನ್ನೂ ಕಡಿಮೆ. ಆಧಾರವೊಂದೇ ಎಲ್ಲರ ಕೈಯಲ್ಲಿರುವದು. ಇದೇ ಆಧಾರದ ವಿರುದ್ಧ ಅರ್ಜಿ ಹಾಕಿದ, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಕನ್ನಡಿಗನೊಬ್ಬನು ಇಳಿವಯಸ್ಸಿನಲ್ಲಿ ಗಳಿಸಿಕೊಟ್ಟ ಆ ಹಕ್ಕು ಈ ಬಾಗಿಲಲ್ಲಿ ಒತ್ತೆಯಾಗಬಾರದು.

ನಮ್ಮ ಮನೆಗಳ ರೀತಿಯನ್ನೂ ಲಕ್ಷ್ಯದಲ್ಲಿಡಬೇಕು. ಒಂದೇ ಫೋನನ್ನು ಅಪ್ಪ, ಅವ್ವ, ಮಗ, ಮಗಳು ಎಲ್ಲರೂ ಬಳಸುವ ಸಂಸಾರಗಳು ಲಕ್ಷೋಪಲಕ್ಷ. ಅಪ್ಪನ ಮುಖದಿಂದ ಒಮ್ಮೆ ತೆರೆದ ಬಾಗಿಲು ಮಗನಿಗೂ ತೆರೆದೇ ಇರುವದು. ಈ ಸಂದನ್ನು ಮುಚ್ಚುವ ಕೆಲಸವು ಮನೆಯಲ್ಲಿ ಅಪ್ಪನದು, ಶಾಲೆಯಲ್ಲಿ ಮಾಸ್ತರರದು. ಮಕ್ಕಳೊಡನೆ ಈ ಮಾತನ್ನು ಆಡುವದಕ್ಕೆ ಇಬ್ಬರೂ ನಾಚಿಕೊಳ್ಳುತ್ತಿರುವದರಿಂದಲೇ, ಆಡುವ ಕೆಲಸವನ್ನು ಬೆಲೀಜ್ ದೇಶದ ಕಂಪನಿಯು ವಹಿಸಿಕೊಂಡಿದೆ.

ದತ್ತಾಂಶ ಕಾಯದೆಯ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳನ್ನು ಜಾರಿಗೆ ತರುವದಕ್ಕೆ ಅಲ್ಲಿಂದ 18 ತಿಂಗಳ ಅವಧಿಯನ್ನು ಕೊಡಲಾಯಿತು. ಬ್ರಿಟನ್ನನ್ನು ನೋಡಿ ಇಲ್ಲಿಯೂ ವಯಸ್ಕರ ತಾಣಗಳಿಗೆ ಪ್ರತ್ಯೇಕ ಕಟ್ಟಳೆ ಬೇಕೆಂಬ ಕೂಗು ಏಳುವದು ನಿಶ್ಚಿತ, ಏಳಲಿ. ಆಗ ಮಸೂದೆಯಲ್ಲಿ ನಾವು ಮೊದಲು ಹುಡುಕುವದು ದಂಡದ ಕಲಮನ್ನಲ್ಲ. ವಯಸ್ಸನ್ನು ಪ್ರಮಾಣಿಸುವವನಿಗೆ ತಾಣವು ತಿಳಿಯಕೂಡದು, ತಾಣಕ್ಕೆ ಹೆಸರು ತಿಳಿಯಕೂಡದು, ಪ್ರಮಾಣವಾದ ಕ್ಷಣವೇ ಚೀಟಿಯ ಪ್ರತಿಯು ನಾಶವಾಗಬೇಕು, ನಾಶವಾಯಿತೆಂಬದನ್ನು ಸರಕಾರಕ್ಕೂ ಕಂಪನಿಗೂ ಸೇರದ ಲೆಕ್ಕ ಪರಿಶೋಧಕರು ನೋಡಬೇಕು ಎಂಬ ಕಲಮುಗಳು ಅದರಲ್ಲಿವೆಯೇ ಎಂದು ನೋಡುವೆವು. ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ ಸದಸ್ಯರು 28 ಮಂದಿ. ವಿಷಯವು ನಾಚಿಕೆಯದೆಂದು ತಲೆ ತಗ್ಗಿಸದೆ, ಅವರಲ್ಲಿ ಒಬ್ಬರಾದರೂ ಎದ್ದು ನಿಂತು ಆ ದಿನ ಇದನ್ನು ಕೇಳುವರೇ?